ಬೆಕ್ಕು ಒಯ್ದ ಹಾಲಣಬೆ

ಅವಳ ಬಲಗೈ ಹೆಬ್ಬೆರಳಿನ ಗೆಣ್ಣಿನ ಮೇಲೆ ಹುಣಸೆ ಬೀಜದಷ್ಟು ಜಡ್ಡು ಇತ್ತು. ಇಪ್ಪತ್ತು ವರ್ಷ ಹೆಬ್ಬೆರಳು ಮಡಚಿ ಆಕಳು ಹಿಂಡಿದ ಗುರುತು ಅದು. ಕೊಟ್ಟಿಗೆ ಖಾಲಿಯಾದ ಮೇಲೂ ಸವೆಯಲಿಲ್ಲ. ಆ ಗೆಣ್ಣಿನಿಂದಲೇ ಅಣಬೆಯನ್ನು ಒತ್ತಿ ಹಿಡಿದು, ದಂಟನ್ನು ಒಂದು ಸುತ್ತು ತಿರುವಿ ತೆಗೆಯುತ್ತಿದ್ದಳು. ಟೊಪ್ಪಿಗೆಯ ಅಂಚು ಹರಿಯುತ್ತಿರಲಿಲ್ಲ. ನಾನು ಕೈ ಹಾಕಿದರೆ ಹರಿಯುತ್ತಿತ್ತು. "ನೀ ಕಚೇರ್ಯಾಗ ಫೈಲ್ ಕಟ್ಟು ಹೋಗವಾ, ಇದು ನಿನಗ ಬರಂಗಿಲ್ಲ" ಎಂದು ಕಸಿದುಕೊಳ್ಳುತ್ತಿದ್ದಳು.

ಚಂದಾಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವಳು. ನಾನು ಚಿಗವ್ವ ಎನ್ನುತ್ತಿದ್ದೆ. ಗಂಡ ಹೋಗಿ ಬಹಳ ದಿನವಾಗಿತ್ತು. ಇದ್ದವರು ಇಬ್ಬರು, ಮಗಳು ಮತ್ತು ಒಂದು ಕೆಂದಾಕಳು. ದನಗಳಿಗೆ ಗಂಟು ರೋಗ ಬಂದ ವರ್ಷ ಆಕಳ ಮೈತುಂಬ ಗಂಟೆದ್ದು ಕಾಲು ಬಾತುಕೊಂಡವು. ಅದೇ ವಾರ ಮಗಳನ್ನು ಒಪ್ಪಿಕೊಳ್ಳಲು ಸೇಡಂನಿಂದ ಬೀಗರು ಬರುವವರಿದ್ದರು. ಪಾಕೀಟು ಹಾಲು ತರುತ್ತೇನೆ ಎಂದೆ. "ಮನ್ಯಾಗ ಆಕಳ ಇಟಗೊಂಡು ಬೀಗರಿಗೆ ಪಾಕೀಟ್ ಹಾಲು ಕಾಸಬೇಕೇನು" ಎಂದು ಚೆಂಬು ಹಿಡಿದು ಹೋದಳು. ಪಾಯಸವಾಯಿತು, ಚಹಾ ಆಯಿತು, ಮಾತುಕತೆ ಮುಗಿಯಿತು. ಬೀಗರು ಏಳುವ ಮೊದಲೇ ಕೊಟ್ಟಿಗೆಯಲ್ಲಿ ಆಕಳು ಸತ್ತಿತ್ತು.

"ಬ್ಯಾನ್ಯಾಗ ನಿಂತಾಕಿನ್ನ ಹಿಂಡಿಕೊಂಡೆ. ಆಕಿ ಒಮ್ಮಿನೂ ಒದೀಲಿಲ್ಲ" ಎಂದಳು. ಎಷ್ಟೋ ದಿನ ಅದೊಂದೇ ಮಾತು. ಅಂದಿನಿಂದ ಹಾಲು, ಮೊಸರು, ಮಜ್ಜಿಗೆ, ತುಪ್ಪ ಬಾಯಿಗೂ ಇಲ್ಲ, ಕೈಗೂ ಇಲ್ಲ. ಇಂಥವರಿಗೆ ಈಗ ವೀಗನ್ ಎನ್ನುತ್ತಾರೆ ಎಂದು ಹೇಳಿದೆ. "ಹೆಸರ್ಯಾಕ ಬೇಕು. ಗಂಟಲದಾಗ ಇಳೀವಲ್ದು, ಅಷ್ಟ" ಎಂದಳು.

ಮಗಳು ಸೇಡಂಗೆ ಹೋದ ಮೇಲೆ ಆ ಖಾಲಿ ಕೊಟ್ಟಿಗೆ ನೋಡಲಾಗದೆ ಅವಳನ್ನು ಅಣಬೆ ಬೆಳೆಯುವ ತರಬೇತಿಗೆ ಎಳೆದುಕೊಂಡು ಹೋದವಳು ನಾನೇ. ಆಕಳ ಮೇವಿಗೆಂದು ಒಟ್ಟಿದ್ದ ಜೋಳದ ಕಣಕಿಯನ್ನೇ ಕತ್ತರಿಸಿ, ಕುದಿಸಿ, ಚೀಲಕ್ಕೆ ತುಂಬಿದಳು. ಆಕಳನ್ನು ಕಟ್ಟುತ್ತಿದ್ದ ಗೂಟದ ಮೇಲ್ಗಡೆಯೇ, ತೊಲೆಯಿಂದ ಚೀಲಗಳು ಸಾಲಾಗಿ ತೂಗಿದವು. ನಮ್ಮ ಕಡೆಯ ಬಿಸಿಲಿಗೂ ಬೆಳೆಯುವ ಆ ದಪ್ಪ ಬಿಳಿ ಜಾತಿಗೆ ಹಾಲಣಬೆ ಎಂದು ಹೆಸರು. ಆ ಹೆಸರನ್ನು ಅವಳು ಒಂದು ದಿನವೂ ಆಡಲಿಲ್ಲ. ಬಿಳಿ ಅಣಬಿ ಎನ್ನುತ್ತಿದ್ದಳು.

ಮಾಡುವುದು ಬದನೆಕಾಯಿ ಎಣಗಾಯಿಯ ರೀತಿಯೇ. ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಖಾರ, ಚೂರು ಬೆಲ್ಲ, ಹುಣಸೆ. ತೆಗೆದ ದಂಟುಗಳನ್ನು ಸಣ್ಣಗೆ ಹೆಚ್ಚಿ ಅದರಲ್ಲೇ ಕಲೆಸಿ ಟೊಪ್ಪಿಗೆಗಳಿಗೆ ತುಂಬುವಳು. ಕುಸುಬಿ ಎಣ್ಣೆಯಲ್ಲಿ ಬಾಯಿ ಮೇಲೆ ಮಾಡಿ ಕೂರಿಸಿ, ತಾಟು ಮುಚ್ಚಿ, ಹನಿ ನೀರೂ ಹಾಕದೆ ಬೇಯಿಸುವಳು. "ಅದರ ನೀರು ಅದೇ ಬಿಡತದ, ನಾವ್ಯಾಕ ಹಾಕಬೇಕು." ಗಂಗಾಳದ ನಡುವೆ ಮೂರು ತುಂಬಿದ ಅಣಬೆ, ಪಕ್ಕಕ್ಕೆ ಜೋಳದ ರೊಟ್ಟಿ, ಉಳ್ಳಾಗಡ್ಡಿ. ಇನ್ನೊಂದು ಪಲ್ಲೆ ಬೇಕಿರಲಿಲ್ಲ, ಅದೇ ಊಟ. ನಾನು ಕಾಯುತ್ತಿದ್ದ ಊಟ.

ಮಗಳು ಬಸುರಾಗಿ ಏಳು ತಿಂಗಳಾದಾಗ ಸೇಡಂನಿಂದ ಮಾತು ಬಂತು. ಹಾಲು ತುಪ್ಪ ಇಲ್ಲದ ಮನೆಗೆ ಬಾಣಂತನಕ್ಕೆ ಹೇಗೆ ಕಳಿಸುವುದು ಎಂದು. ಚಿಗವ್ವ ನನ್ನ ಮುಂದೆ ಬಂದು ನಿಂತಳು. "ನಾ ಒಲ್ಲೆ ಖರೆ, ಕೂಸಿಗೆ ಯಾಕ ಶಿಕ್ಷಾ? ಬಾಜೂ ಮನಿಯಿಂದ ಹಾಲು ಹಚ್ಚೀನಿ. ನೀ ಕಾಸಿ ಕೊಡ್ತೀಯೇನು? ಹಡದು ಹೋಗಲಿ, ಮೂರು ತಿಂಗಳು ನನ್ನ ಕಡೆ ಇರ್ಲಿ. ಆಮ್ಯಾಲ ನನಗೇನೂ ಬ್ಯಾಡ." ಕಾಸುತ್ತೇನೆ ಎಂದೆ. ಮನೆ ನೋಡಿ ನಿರ್ಧಾರ ಮಾಡಲು ಬೀಗತಿ ಸೊಸೆಯನ್ನು ಕರೆದುಕೊಂಡು ಬರುವುದೆಂದು ಗೊತ್ತಾಯಿತು.

ಅಣಬೆಯನ್ನೇ ಮಾಡಬೇಕೆಂದು ಚಿಗವ್ವನಿಗೆ ಆಸೆ. ಕೈಯಾರೆ ಬೆಳೆದದ್ದು, ಮಗಳು ಇನ್ನೂ ಒಮ್ಮೆಯೂ ಉಂಡಿರಲಿಲ್ಲ. ಆದರೆ ಅಂಜಿಕೆ. "ಅವರ ಮನ್ಯಾಗ ನಡೀತದೋ ಇಲ್ಲೋ, ಫೋನ್ ಹಚ್ಚಿ ಕೇಳೂಣು" ಎಂದಳು. "ಕೇಳಿದರೆ ಬೇಡ ಅಂತಾರೆ. ಮೊದಲು ಉಣ್ಣಲಿ, ಆಮೇಲೆ ಹೇಳೋಣ" ಎಂದವಳು ನಾನು. ಬುದ್ಧಿವಂತೆ! ಅವಳು ನನ್ನ ಮಾತು ಕೇಳಿದಳು.

ಅವರು ಬಂದ ದಿನ ಚಿಗವ್ವ ಒಂಬತ್ತು ಅಣಬೆ ತುಂಬಿದ್ದಳು. ಬೀಗತಿಗೆ ಮೂರು, ಮಗಳಿಗೆ ಮೂರು, ಬೋಗುಣಿಯಲ್ಲಿ ಮೂರು. ಬೀಗತಿ ರೊಟ್ಟಿ ಮುರಿದು ಅರ್ಧ ಅಣಬೆ ತಿಂದು ತಲೆದೂಗಿದರು. "ಭಾಳ ಬೇಶ್ ಆಗೇದ. ಯಾ ಬದನಿಕಾಯಿರಿ ಇದು, ಒಳಗ ಬೀಜಾನೇ ಇಲ್ಲ?"

ಚಿಗವ್ವ ನನ್ನ ಮುಖ ನೋಡಿದಳು. ಸುಮ್ಮನಿರು ಎಂಬ ನೋಟ ಅದು, ನನಗೆ ಈಗ ಗೊತ್ತು. ನನ್ನ ನಾಲಿಗೆಗೆ ಮೊದಲಿನಿಂದಲೂ ಲಗಾಮಿಲ್ಲ. ಹಾಲು ಎಂಬ ಮಾತು ಆ ಕಿವಿಗೆ ಬಿದ್ದರೆ ಒಳ್ಳೆಯದೇ ಆದೀತು ಎಂದುಕೊಂಡು, "ಬದನಿಕಾಯಿ ಅಲ್ರಿ, ಹಾಲಣಬಿ" ಎಂದೆ.

ಬೀಗತಿಯ ಕಿವಿಗೆ ಬಿದ್ದದ್ದು ಹಾಲಲ್ಲ, ಅಣಬಿ. ಕೈ ಗಂಗಾಳದ ಮೇಲೆಯೇ ನಿಂತಿತು. "ನಮ್ಮ ಮನ್ಯಾಗ ಅಣಬಿ ಅಂದ್ರ ಮಾಂಸ ಇದ್ದಂಗ. ಹೇಳದೇ ಉಣಸಿದ್ರಿ?" ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಬಾಯಿ ತೊಳೆಯಲು ಎದ್ದು ಹಿತ್ತಲಿಗೆ ನಡೆದರು. ಚಿಗವ್ವ ಹಿಂದೆ ಹಿಂದೆ ನೀರಿನ ಚೆಂಬು ಹಿಡಿದು, "ತಪ್ಪಾತ್ರಿ, ನಂದ ತಪ್ಪು" ಎನ್ನುತ್ತ ಹೋದಳು. ನನ್ನ ಹೆಸರು ಎತ್ತಲಿಲ್ಲ. ನಾನೂ ಅಂಗಳಕ್ಕೆ ಬಂದು ಕಂಬ ಹಿಡಿದು ನಿಂತೆ. ಮಗಳೊಬ್ಬಳೇ ಒಳಗೆ ಕೂತಿದ್ದಳು. ಒಂದು ತಾಸಿನಲ್ಲಿ ಅತ್ತೆ ಸೊಸೆ ಇಬ್ಬರೂ ಬಸ್ ಹತ್ತಿದರು.

ಆಮೇಲೆ ಗಂಗಾಳ ಎತ್ತುವಾಗ ಚಿಗವ್ವ ಬೆರಳಿಟ್ಟು ಎಣಿಸಿದಳು. ಎಂಜಲಾದ ಅರ್ಧವೂ ಸೇರಿ ಎಂಟೇ ಇದ್ದವು. ಮಗಳ ಗಂಗಾಳದಲ್ಲಿ ಎರಡು. "ಬೆಕ್ಕು ಒಯ್ದಿರಬೇಕು" ಎಂದಳು. ಗಂಗಾಳಗಳನ್ನು ಒಂದರ ಮೇಲೊಂದು ಇಟ್ಟು, "ಒಯ್ಯಲಿ ಬಿಡು. ಯಾರರೆ ತಿಂದ್ರಲ್ಲ" ಎಂದಳು. ನಾನು ಕ್ಷಮಿಸು ಎಂದೆ. ಅವಳು ಬೂದಿ ಹಾಕಿ ಬೋಗುಣಿ ತಿಕ್ಕತೊಡಗಿದಳು. ಆಮೇಲೆ ಅಣಬೆ ಬೆಳೆದಳು, ಮಾರಿದಳು, ಮಸಾಲೆ ಮಾತ್ರ ಮತ್ತೆ ತುಂಬಲಿಲ್ಲ.

ಮಗಳು ಸೇಡಂನಲ್ಲೇ ಹೆತ್ತಳು, ಹೆಣ್ಣು. ನೋಡಲು ಹೋಗೋಣ ಎಂದರೆ, "ಕರೀಲಿ, ಹೋಗೂಣು" ಎನ್ನುವಳು. ಯಾರೂ ಕರೆಯಲಿಲ್ಲ. ಮಗುವಿನ ಮುಖವನ್ನು ನನ್ನ ಮೊಬೈಲಿನಲ್ಲಿ ಮಾತ್ರ ನೋಡಿದಳು. ನೋಡುವಾಗ ಆ ಜಡ್ಡುಗಟ್ಟಿದ ಗೆಣ್ಣಿನಿಂದ ಪರದೆಯ ಮೇಲೆ ಕೆನ್ನೆ ಸವರುವಳು, ಫೋಟೊ ಸರಿದು ಹೋಗುವುದು, "ಎಲ್ಲಿ ಹೋತು, ತಾ ಇಲ್ಲಿ" ಎಂದು ಗದರುವಳು.

ಕೂಸಿಗೆ ಮೂರು ತಿಂಗಳು ತುಂಬಿದ ವಾರ, ಚೀಲಗಳಿಗೆ ನೀರು ಹೊಡೆಯುತ್ತಿದ್ದವಳು ಎದೆ ಹಿಡಿದುಕೊಂಡು ಗೂಟದ ಬುಡದಲ್ಲಿ ಕುಸಿದಳು. ನಾನು ಕಚೇರಿಯಿಂದ ಬರುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ಮಗಳು ಕೂಸನ್ನು ಎತ್ತಿಕೊಂಡು ಕೊಟ್ಟಿಗೆಗೆ ಬಂದಳು. ಯಾರೂ ಕೀಳದೆ ಅಣಬೆಗಳು ಬಲಿತು ಅಗಲವಾಗಿದ್ದವು. ಬಹಳ ಹೊತ್ತು ಅವನ್ನೇ ನೋಡಿದಳು.

"ಅವತ್ತ ನೀವೆಲ್ಲಾ ಹೊರಗ ಇದ್ರಿ. ನಾ ಒಂದು ಅಣಬಿ ಸೆರಗಿನ್ಯಾಗ ಕಟಗೊಂಡು ಹೋದೆ. ಸೇಡಂ ಸ್ಟ್ಯಾಂಡಿನ್ಯಾಗ ಅತ್ತಿ ಆಕಡೆ ಹೋದಾಗ ಗಬಗಬ ತಿಂದೆ. ಅಷ್ಟು ರುಚಿ ನಾ ಎಲ್ಲೂ ಉಂಡಿಲ್ರಿ. ಫೋನಿನ್ಯಾಗ ಹೇಳಬೇಕಂದ್ರ ಅತ್ತಿ ಬಾಜೂಕೇ ಕೂಡ್ತಿದ್ರು. ಹೆರಿಗಿ ಆಗ್ಲಿ, ಹೋಗಿ ಎದುರಿಗೇ ಹೇಳೂಣು ಅಂದೆ." ಕೂಸು ಅತ್ತಿತು. ಅದನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತ, "ನಾ ತಿಂದದ್ದು ಅವ್ವಗ ಗೊತ್ತಾಗಿತ್ತೇನ್ರಿ" ಎಂದು ಕೇಳಿದಳು.

ಬೆಕ್ಕಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಗೊತ್ತಿತ್ತವಾ" ಎಂದೆ.