ಗುಂಡಿಗಿಳಿದ ಆರಿಂಚಿನ ಸ್ಕೇಲು

ಪೀಣ್ಯದ ನಮ್ಮ ವರ್ಕ್‌ಶಾಪಿನ ಮುಂದೆ, ಸೂಟು ತೊಟ್ಟಿದ್ದ ಜಪಾನಿ ಎಂಜಿನಿಯರ್ ರಸ್ತೆಯ ಮೇಲೆ ಮಂಡಿಯೂರಿ ಕುಳಿತು, ನನ್ನ ಆರಿಂಚಿನ ಸ್ಟೀಲ್ ಸ್ಕೇಲನ್ನು ಗುಂಡಿಯೊಳಗೆ ಇಳಿಬಿಟ್ಟರು. ಸ್ಕೇಲು ಪೂರ್ತಿ ಮುಳುಗಿತು. ಕೆಲಸಗಾರರೆಲ್ಲ ಬಾಗಿಲಲ್ಲೇ ನಿಂತುಬಿಟ್ಟೆವು.

ಇದಕ್ಕೆ ಕಾರಣ ನನ್ನ ಬಾಯಿ. ಎಂಬತ್ತರ ದಶಕದ ಮಾತಿದು. ನಾವು ಮಾಡುವ ಕಾರಿನ ಬಿಡಿಭಾಗಗಳನ್ನು ನೋಡಲು ಬಂದಿದ್ದ ಅವರ ಕೈಯಲ್ಲಿ ತಮ್ಮ ದೇಶದ ಚೆಂದದ ಕಾರೊಂದರ ಚಿತ್ರವಿತ್ತು. ನಾನು ಮಾಲೀಕರಿಗೆ, "ಸಾರ್, ಈ ಕಾರ್ ನಮಗ್ಯಾಕೆ ಮಾರಲ್ವಂತೆ ಕೇಳಿ. ನಾವೇನು ಅಷ್ಟು ಕೀಳಾ?" ಎಂದಿದ್ದೆ. ಮಾಲೀಕರು ಅದನ್ನು ಇಂಗ್ಲಿಷಿನಲ್ಲಿ ಕೇಳಿದ್ದೇ ತಡ, ಅವರು ನನ್ನ ಜೇಬಿನ ಸ್ಕೇಲನ್ನು ಕೇಳಿ ಪಡೆದು ರಸ್ತೆಗೆ ನಡೆದಿದ್ದರು.

ಎಂಜಿನಿಯರ್ ಗುಂಡಿಯ ಬಳಿಯಿಂದ ಎದ್ದು, ಮಂಡಿಯ ಧೂಳನ್ನೂ ಕೊಡವದೆ, ಚಿತ್ರದಲ್ಲಿದ್ದ ಕಾರಿನ ತಳಕ್ಕೆ ಬೆರಳಿಟ್ಟು ಇಂಗ್ಲಿಷಿನಲ್ಲಿ ನಿಧಾನವಾಗಿ ಏನೋ ಹೇಳಿದರು. ಕೇಳಿಸಿಕೊಂಡ ಮಾಲೀಕರು ತಗ್ಗಿದ ದನಿಯಲ್ಲಿ ಅದನ್ನು ನನಗೆ ಕನ್ನಡದಲ್ಲಿ ಹೇಳಿದರು.

"ಇದರ ತಳ ನೆಲದಿಂದ ಐದಿಂಚು ಅಷ್ಟೇ ಕಣಯ್ಯ. ಹಿಂದೆ ಒಂದ್ ದೇಶಕ್ಕೆ ರಸ್ತೆ ನೋಡ್ದೆ ಕಾರು ಕಳಿಸ್ಬಿಟ್ರಂತೆ. ಗುಂಡೀಲಿ ತಳ ಬಡಿದು ಬ್ರೇಕ್ ಪೈಪ್ ಕಿತ್ತೋಯ್ತಂತೆ. ಒಳಗೆ ಒಂದು ಮಗು ಇತ್ತಂತೆ. ಕಳಿಸಬಹುದು ಅಂತ ಸೈನ್ ಹಾಕಿದ್ದು ಇವರೇ ಅಂತೆ."

ಎಂಜಿನಿಯರ್ ಸ್ಕೇಲನ್ನು ತಮ್ಮ ಕರ್ಚೀಫಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಮರಳಿಸಿದರು.

ಆರು ವರ್ಷ ನಾನು ಆ ಗುಂಡಿಯನ್ನು ತಪ್ಪಿಸಿಕೊಂಡು ಸೈಕಲ್ ತುಳಿದಿದ್ದೆ, ಹಿಂದೆ ಕ್ಯಾರಿಯರ್ ಮೇಲೆ ಮಗಳನ್ನು ಕೂರಿಸಿಕೊಂಡು. ಜೇಬಿನಲ್ಲಿ ಸ್ಕೇಲು ಇದ್ದೇ ಇತ್ತು. ಗುಂಡಿಯ ಆಳ ತಿಳಿಯಲು ಜಪಾನಿನವರೊಬ್ಬರು ಬಂದು ಮಂಡಿಯೂರಬೇಕಾಯಿತು.