ತಂತಿಯ ತಪ್ಪೋ, ಕಿವಿಯ ತಪ್ಪೋ

ಮಿಡಿಗೇಶಿಯ ನಾಗಲಿಂಗಯ್ಯ ಮೇಷ್ಟ್ರು ಯಾವ ಸ್ಕೂಲಿನಲ್ಲೂ ಕಲಿಸಿದವರಲ್ಲ. ಅವರು ಹಾರ್ಮೋನಿಯಂ ಮೇಷ್ಟ್ರು. ಮಧುಗಿರಿ, ಶಿರಾ, ಕೊರಟಗೆರೆ ಕಡೆ ಪೌರಾಣಿಕ ನಾಟಕ ಆಡಬೇಕೆಂದರೆ ಮೊದಲು ಅವರನ್ನು ಕರೆಸುತ್ತಿದ್ದರು. ಬೆಳಗ್ಗೆ ಕಡಲೆಕಾಯಿ ಕಿತ್ತವನ ಗಂಟಲಿನಿಂದ ಸಂಜೆಗೆ ಒಬ್ಬ ಚಕ್ರವರ್ತಿಯನ್ನು ಕೀಳುವುದು ಅವರ ಕಸುಬು. ಎಷ್ಟೋ ರೈತರನ್ನು ಅವರು ದೇವರು ಮಾಡಿದ್ದಾರೆ. ಮಾರನೆಯ ದಿನ ಅವರೆಲ್ಲ ತಾವಾಗಿಯೇ ಮನುಷ್ಯರಾಗಿದ್ದಾರೆ.

ಮಂಡಿ ನೋವು ಬಂದ ಮೇಲೆ ಬಸ್ಸು ಹತ್ತುವುದು ನಿಂತಿತು. ಕೇಬಲ್ ಆಫೀಸಿನ ಮೋಹನ್ ಕುಮಾರ್ ಕೂತಲ್ಲಿಂದಲೇ ಪಾಠ ಹೇಳಲೆಂದು ಮನೆಗೆ ಇಂಟರ್ನೆಟ್ ಎಳೆದುಕೊಟ್ಟ. "ವೈಫೈ ಅನ್ನೋದು ಗಾಳಿ ಮಾತು ಮೇಷ್ಟ್ರೇ. ಪಾಠಕ್ಕೆ ವೈರೇ ವಾಸಿ" ಎಂದು ರೂಟರ್‌ನಿಂದ ಕಂಪ್ಯೂಟರಿನವರೆಗೆ ಜಮಖಾನದಡಿ ನೀಲಿ ವೈರು ಹಾಸಿದ. ಕಂಪ್ಯೂಟರಿನ ಎದುರು, ಕಾಲಲ್ಲಿ ಗಾಳಿ ಒತ್ತುವ ಹಳೆಯ ಹಾರ್ಮೋನಿಯಂ.

ಶಿಷ್ಯ ಪಾವಗಡದ ಮೋಟರ್ ರಿಪೇರಿಯವನು, ಮಾತಿನಲ್ಲಿ ಅರ್ಧ ತೆಲುಗು, ನಾಟಕದಲ್ಲಿ ರಾಜ ಪಾರ್ಟು. ಹೆಸರಿಗೆ ಚಿರಂಜೀವಿ, ಅವನು ಹಿಡಿದ ಸ್ವರ ಮಾತ್ರ ಅಲ್ಪಾಯುಷಿ. ಮೇಷ್ಟ್ರು ಕಣ್ಣು ಮುಚ್ಚಿ ಒಂದು ಸಾಲು ಹೇಳಿಕೊಡುವರು, ಅವನು ಅಲ್ಲಿಂದ ಒಪ್ಪಿಸುವನು. ಆದರೆ ಪಾಠ ಶುರುವಾದರೆ ಸಾಕು, ನೆಟ್ ತೆವಳಲು ತೊಡಗುತ್ತಿತ್ತು. ಅವನ ದನಿ ಚೂರುಚೂರಾಗಿ ಉದುರುತ್ತಿತ್ತು.

"ಲೇ, ಮೇಲಿನ ಷಡ್ಜ ಮುಟ್ಟದೆ ಜಾರ್ಕಂಡೆ ಕಣ್ಲಾ!"

"ಲೇದು ಮೇಷ್ಟ್ರೇ, ಮುಟ್ಟಿದೀನಿ! ನಿಮ್ ನೆಟ್ಟೇ ಸ್ಲೋ."

ಮೋಹನ್ ಕುಮಾರ್ ಬಂದ. ರೂಟರ್ ಆರಿಸಿ ಹಚ್ಚಿದ, ವೈರು ಕಿತ್ತು ಬೇರೆ ತೂತಿಗೆ ಚುಚ್ಚಿದ, ಕೊನೆಗೆ ರೂಟರನ್ನೇ ಬದಲಿಸಿದ. ಪ್ರತಿ ಸಲವೂ ಪರೀಕ್ಷೆಯಲ್ಲಿ ಪೂರ್ತಿ ಸ್ಪೀಡು. "ಫಸ್ಟ್ ಕ್ಲಾಸಾಗೈತೆ ಮೇಷ್ಟ್ರೇ" ಎಂದು ಹೊರಟ. ಸಂಜೆ ಪಾಠಕ್ಕೆ ಕೂತರೆ ಮತ್ತೆ ಅದೇ ತೆವಳಾಟ.

ತಂತಿಯೂ ಸರಿ, ಶಿಷ್ಯನೂ ಸರಿ ಎಂದಾದರೆ ಉಳಿಯುವುದು ತನ್ನ ಕಿವಿಯೊಂದೇ. ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಮಧ್ಯಾಹ್ನ ಜಗಲಿಯಲ್ಲಿ ಕೂತು ಬೆಟ್ಟ ನೋಡುತ್ತಿದ್ದರೆ ಚಿರಂಜೀವಿಯ ದನಿ ಪಾವಗಡದಿಂದ ಹೊರಟಂತೆ ಕಾಣುವುದು. ಆಕಾಶಕ್ಕೆ ಕನ್ನಡಿ ಹಿಡಿದ ಸೋಲಾರ್ ಹಲಗೆಗಳ ಮೇಲೆ ಅದು ತೇಲಿ, ಕಡಲೆಕಾಯಿ ಹೊಲಗಳ ಬದುವಿನಲ್ಲಿ ನಡೆದು, ಯಾವುದೋ ಬಂಡೆಯ ನೆರಳಲ್ಲಿ ಸುಸ್ತಾಗಿ ಕೂತುಬಿಡುವುದು. ಯಾರನ್ನು ನೋಡಲು ಹೊರಟೆನೆಂಬುದನ್ನೇ ಮರೆತು ತೂಕಡಿಸುವುದು. ಕಿವಿ ಹೋದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಎಂದರೇನು, ಬರೀ ಗಾಳಿ ಒತ್ತುವವನು. ಬೇರೆ ಮೇಷ್ಟ್ರನ್ನು ನೋಡಿಕೋ ಎಂದು ಇವತ್ತು ಸಂಜೆ ಚಿರಂಜೀವಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದರು.

ಹೇಳುವ ಮುಂಚೆ ಒಂದು ಸಾಲಾದರೂ ಹಾಡೋಣವೆಂದು ಕಣ್ಣು ಮುಚ್ಚಿದರು. ಅಲ್ಲೇ ಅವರೇಕಾಯಿ ಸುಲಿಯುತ್ತಿದ್ದ ಹೆಂಡತಿ ನಾಗರತ್ನಮ್ಮ ರೂಟರ್ ಕಡೆ ನೋಡಿ ಕೈ ನಿಲ್ಲಿಸಿದರು.

"ರೀ, ನಿಮ್ ಕಾಲು ಬಿದ್ದೇಟ್ಗೆ ಆ ಡಬ್ಬಿ ಹಸಿರು ದೀಪ ಆರ್ಹೋಯ್ತದೆ ಕಣ್ರೀ. ಆಮ್ಯಾಕೆ ಕೇಸರಿ ಬಣ್ಣದಾಗೆ ಹತ್ಕಂತದೆ."

"ಪಾಠದಾಗೆ ಬಾಯಿ ಹಾಕಬ್ಯಾಡ."

"ನಾ ಬಾಯಿ ಹಾಕ್ತಿಲ್ಲ. ನೀವ್ ಕಾಲು ಹಾಕಬ್ಯಾಡಿ!"

ಮೇಷ್ಟ್ರು ಕಣ್ಣು ಬಿಟ್ಟು ಕೆಳಗೆ ನೋಡಿದರು. ಎಡಗಾಲು ಗಾಳಿ ಒತ್ತುತ್ತಿತ್ತು. ಬಲಗಾಲಿನ ಹಿಮ್ಮಡಿ ತಾನೇ ತಾನಾಗಿ ತಾಳ ಹಾಕುತ್ತಿತ್ತು. ಜಮಖಾನ ಎತ್ತಿದರೆ ಅಲ್ಲೇ ನೀಲಿ ವೈರು, ಅಪ್ಪಚ್ಚಿಯಾಗಿ. ಪಾಪ, ಅದಕ್ಕೆ ತಾಳ ತಾಳಲಾಗಿರಲಿಲ್ಲ.

"ಒಳಗೆ ಎಳೆ ಕಡ್ದೋಗೈತೆ. ಸುಮ್ಕೆ ಬಿದ್ದಿದ್ರೆ ಕೂಡ್ಕಂತದೆ, ತುಳುದ್ರೆ ಬಿಟ್ಕಂತದೆ" ಎಂದು ಮಾರನೆಯ ದಿನ ಬಂದ ಮೋಹನ್ ಕುಮಾರ್, ಗೋಡೆಗುಂಟ ಹೊಸ ವೈರು ಹೊಡೆಯುತ್ತಾ ಹೇಳಿದ. "ನಾ ಟೆಸ್ಟ್ ಮಾಡುವಾಗ ನೀವು ಹಾಡ್ಲೇ ಇಲ್ವಲ್ಲ ಮೇಷ್ಟ್ರೇ!"

ಅಂದಿನ ಸಂಜೆ ಪಾವಗಡದ ದನಿ ಎಲ್ಲೂ ಕೂರದೆ, ತೂಕಡಿಸದೆ, ತುಂಬಿದ ಕಾಲುವೆಯಂತೆ ಮನೆಯೊಳಕ್ಕೆ ಬಂತು. ಮೇಷ್ಟ್ರು ಉಸಿರು ಹಿಡಿದರು. ದನಿ ಏರಿತು, ಇನ್ನೂ ಏರಿತು, ಮೇಲಿನ ಷಡ್ಜದ ಬಾಗಿಲವರೆಗೆ ಹೋಗಿ ಕೂದಲೆಳೆಯಷ್ಟು ಕೆಳಕ್ಕೆ ಜಾರಿತು.

"ಜಾರ್ಕಂಡೆ ಕಣ್ಲಾ!"

"ನೆಟ್ಟು ಮೇಷ್ಟ್ರೇ..."

"ನೆಟ್ಟು ನೆಟ್ಟಗೈತೆ. ನಿನ್ ಗಂಟ್ಲು ನೋಡ್ಕ!"

ಆಚೆ ಕಡೆ ಚಿರಂಜೀವಿ ಗಂಟಲು ಸರಿಮಾಡಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ, "ಔನು ಮೇಷ್ಟ್ರೇ, ಅಲ್ಲಿ ಯಾವಾಗ್ಲೂ ಜಾರ್ತದೆ."

ಮೇಷ್ಟ್ರಿಗೆ ಕಣ್ಣು ತುಂಬಿತು. ಇಷ್ಟು ಸುಖವಾಗಿ ಅವರು ಯಾವ ಶಿಷ್ಯನನ್ನೂ ಬೈದಿರಲಿಲ್ಲ. "ಇನ್ನೊಂದ್ ಕಿತ ಎತ್ಕ" ಎಂದು ಹಾರ್ಮೋನಿಯಮ್ಮಿಗೆ ಗಾಳಿ ತುಂಬಿದರು.