ಅತ್ತಿಗೆಯ ಮೂರನೇ ಭ್ರೂಣ

ನಮ್ಮ ಅತ್ತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಅವರನ್ನು ನೋಡಬೇಕು! ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಬಂದ ಗಿರಾಕಿಯನ್ನೂ ಕುರ್ಚಿಯಲ್ಲಿ ಕೂರಿಸಿ, "ಗದ್ದ ಎತ್ತಿ, ಅಲ್ಲಾಡಬೇಡಿ" ಎಂದು ಗದರಿ, ಫ್ರೇಮಿನ ಕಡ್ಡಿ ಬಗ್ಗಿಸಿ ಕಿವಿಗೆ ಹೊಂದಿಸಿ ಕಳಿಸುತ್ತಾರೆ. ಅದೇ ಹೆಂಗಸು ಮನೆಗೆ ಬಂದರೆ ಬಾಯಿಗೆ ಬೀಗ. ಕಾರಣ ನಮ್ಮಮ್ಮ. ಹೆತ್ತವಳೆಂದು ಮುಚ್ಚಿಡುವುದೇನು, ಅವಳಿರುವ ಕಡೆ ಬೇರೆಯವರ ಮಾತಿಗೆ ಜಾಗವಿಲ್ಲ. ಅಣ್ಣನೋ, ಕೋಲೆ ಬಸವ.

ವರ್ಷಗಟ್ಟಲೆ ಮಕ್ಕಳಾಗದೆ ಕೊನೆಗೆ ಆಸ್ಪತ್ರೆಗೆ ಹೋದರು. ಲ್ಯಾಬಿನಲ್ಲಿ ಮೂರು ಭ್ರೂಣ ಆದವು. ಭ್ರೂಣವನ್ನು ಸಣ್ಣ ಕೊಳವೆಯಿಂದ ಗರ್ಭಕೋಶದೊಳಗೆ ಬಿಡುವುದು ಸುಲಭದ ಕೆಲಸವಂತೆ. ಅತ್ತಿಗೆಗೆ ಮಾತ್ರ ಕೊಳವೆ ಒಳಗೇ ಹೋಗಲೊಲ್ಲದು. ಮೊದಲ ಸಲ ಗಟ್ಟಿ ಕೊಳವೆ ನುಗ್ಗಿಸಿದರು. ರಕ್ತ ಬಂತು, ಗರ್ಭ ನಿಲ್ಲಲಿಲ್ಲ. ಎರಡನೇ ಸಲ, ಮೂತ್ರಕೋಶ ತುಂಬಿದ್ದರೆ ದಾರಿ ನೆಟ್ಟಗಾಗುತ್ತದೆಂದು ನೀರು ಕುಡಿಸಿ, ಸ್ಕ್ಯಾನ್ ನೋಡುತ್ತಾ ಗರ್ಭಕೋಶದ ಬಾಯನ್ನು ಚಿಮಟದಲ್ಲಿ ಹಿಡಿದೆಳೆದರು. ಅತ್ತಿಗೆ ಕಿರುಚಿದ್ದು ಹೊರಗೆ ಕೂತ ನನಗೂ ಕೇಳಿಸಿತು. ಅದೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಉಳಿದದ್ದು ಒಂದೇ ಭ್ರೂಣ. ಮತ್ತೆ ಅಂಡ ಸಿಗುವ ಆಸೆ ಇಲ್ಲವೆಂದು ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದರು.

"ಈ ಸಲ ಅರಿವಳಿಕೆ ಕೊಟ್ಟು ಗರ್ಭಕೋಶದ ಬಾಯಿ ಹಿಗ್ಗಿಸಿ ನೋಡೋಣ" ಎಂದರು ಅವರು, ನಮ್ಮನ್ನೆಲ್ಲ ಎದುರಿಗೆ ಕೂರಿಸಿಕೊಂಡು. "ಆದ್ರೂ ಇನ್ನೊಂದ್ಸಲ ಕೇಳ್ತೀನಿ. ಹಿಂದೆ ಅಲ್ಲಿ ಏನಾದ್ರೂ ಆಪರೇಷನ್ ಆಗಿತ್ತಾ?"

"ಎಲ್ಲಿಯ ಆಪರೇಷನ್ ಡಾಕ್ಟ್ರೇ!" ಅಮ್ಮ ಶುರುಮಾಡಿದಳು. "ನಮ್ಮ ಸೊಸೆ ಗುಂಡುಕಲ್ಲಿನ ಹಾಗಿದಾಳೆ."

ಪ್ರತಿ ಸಲವೂ ಇದೇ ಉತ್ತರ. ಅತ್ತಿಗೆ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡರು.

"ಆಗಿತ್ತು. ಮದುವೆಗೆ ಮುಂಚೆ. ಗರ್ಭಕೋಶದ ಬಾಯಲ್ಲಿ ಏನೋ ಕೆಟ್ಟದ್ದು ಬೆಳೀತಿದೆ ಅಂತ ಒಂದು ತುಂಡು ಕತ್ತರಿಸಿ ತೆಗೆದ್ರು. ಗಂಡನ ಮನೇಲಿ ಉಸಿರೆತ್ತಬೇಡ ಅಂದಿದ್ರು ನಮ್ಮಮ್ಮ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಗಾಯ ಮಾಗಿ ದಾರಿ ಬಿಗಿದುಕೊಂಡಿದೆ. ಮೊದ್ಲೇ ಗೊತ್ತಿದ್ರೆ ಅದರ ತಂಟೆಗೇ ಹೋಗ್ತಿರಲಿಲ್ಲ. ಗರ್ಭಕೋಶದ ಗೋಡೆಗೇ ಸೂಜಿ ಚುಚ್ಚಿ ಒಳಗೆ ಭ್ರೂಣ ಬಿಡ್ತಿದ್ದೆ."

ಅಯ್ಯೋ, ಎರಡು ಹೋದವಲ್ಲ! ಯಾರನ್ನು ಬೈಯಲಿ?

ಹೊರಗೆ ಬಂದಾಗ ಅಮ್ಮನ ಮುಖ ಸಪ್ಪಗಾಗಿತ್ತು. "ನನಗೆ ಒಂದು ಮಾತು ಹೇಳಬಾರದಿತ್ತೇನೇ?"

"ಅವರು ಕೇಳಿದ್ದು ನನ್ನನ್ನ, ಅತ್ತೆ. ಪ್ರತಿ ಸಲ ನೀವೇ ಹೇಳ್ತಿದ್ರಿ. ನೀವು ಹೇಳಿದ್ಮೇಲೆ ಸುಳ್ಳು ಅನ್ನೋಕೆ ನನಗೆ ಧೈರ್ಯ ಬರಲಿಲ್ಲ."

ಕೊನೆಯ ಭ್ರೂಣವನ್ನು ಸೂಜಿಯಿಂದ ಬಿಟ್ಟ ದಿನ ಎಲ್ಲ ಸಲೀಸಾಗಿ ಮುಗಿಯಿತು. ಅತ್ತಿಗೆ ಆ ಮಾತು ಹೇಳಿದಂದಿನಿಂದ ಅಮ್ಮ ಮನೆಯಲ್ಲಿ ಅಳೆದು ತೂಗಿ ಮಾತಾಡತೊಡಗಿದಳು. ರಕ್ತಪರೀಕ್ಷೆಯ ಫಲ ತಿಳಿಸಲು ನರ್ಸು ಫೋನ್ ಮಾಡಿದ್ದು ಅಮ್ಮನ ನಂಬರಿಗೇ. ಅಮ್ಮ ಹಲೋ ಕೂಡ ಅನ್ನದೆ ಫೋನನ್ನು ಸೊಸೆಯ ಕೈಗೆ ಕೊಟ್ಟಳು.

ಅತ್ತಿಗೆ ಕೇಳಿಸಿಕೊಂಡರು. "ಸರಿ ಸಿಸ್ಟರ್" ಎಂದು ಇಟ್ಟರು.

"ಇದೂ ಆಗಲಿಲ್ಲ, ಅತ್ತೆ."

ಅಮ್ಮ ಫೋನನ್ನು ವಾಪಸು ತೆಗೆದುಕೊಂಡು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಅತ್ತಿಗೆ ಅಮ್ಮನ ಪಕ್ಕದಲ್ಲಿ ಕುಸಿದು ಕೂತು, ಅವಳ ತೋಳು ಹಿಡಿದು ಅಲ್ಲಾಡಿಸಿದರು.

"ಏನಾದ್ರೂ ಮಾತಾಡಿ ಅತ್ತೆ."